ಅಜ್ಜಿ ನೆಲದಿಂದ ಏಳುವ ಆರು ಸೆಕೆಂಡುಗಳು

ಪತ್ರಿಕೆಗೆ ಆ ದಿನದ ವ್ಯಂಗ್ಯಚಿತ್ರವನ್ನು ಕಳುಹಿಸಿದ ಮೇಲೆ ಉಳಿಯುವ ಹೊತ್ತೇ ನನ್ನ ಸ್ವಂತ ಅನಿಮೇಷನ್ ಕಿರುಚಿತ್ರದ ಹೊತ್ತು. ಯಾವ ಸ್ಟುಡಿಯೋದ ಹಣವೂ ಇಲ್ಲದೆ ಒಬ್ಬಳೇ ಮಾಡುತ್ತಿರುವ ಆ ಚಿತ್ರದ ಕಾಗದಕ್ಕೂ ಧ್ವನಿಮುದ್ರಣಕ್ಕೂ ಖರ್ಚು ಹುಟ್ಟುವುದು ವ್ಯಂಗ್ಯಚಿತ್ರಗಳ ಸಂಭಾವನೆಯಿಂದಲೇ. ಅಂದು, ಅಡಿಯಿಂದ ಬೆಳಕು ಹಾಯಿಸಿ ಕೆಳಗಿನ ಹಾಳೆಯನ್ನು ಕಾಣಿಸುವ ಲೈಟ್ ಬಾಕ್ಸ್ ಮೇಲೆ ಇದ್ದುದು, ನೆಲದ ಮೇಲೆ ಕೂತ ಅಜ್ಜಿಯೊಬ್ಬಳು ಎದ್ದು ನಿಲ್ಲುವ ಆರು ಸೆಕೆಂಡುಗಳ ದೃಶ್ಯ.

ಸೆಕೆಂಡಿಗೆ 24 ಫ್ರೇಮುಗಳಂತೆ ಆರು ಸೆಕೆಂಡಿಗೆ 144 ಫ್ರೇಮುಗಳಾಗುತ್ತವೆ. ಒಂದೊಂದು ಚಿತ್ರವನ್ನು ಎರಡು ಫ್ರೇಮುಗಳಷ್ಟು ಕಾಲ ತೋರಿಸಿದರೂ 72 ಚಿತ್ರಗಳು ಬೇಕು. ಕೂತಿರುವುದು, ಅಂಗೈಯನ್ನು ನೆಲಕ್ಕೆ ಊರುವುದು, ಮಂಡಿ ಎತ್ತುವುದು, ನಿಲ್ಲುವುದು ಎಂಬ ಮುಖ್ಯ ಭಂಗಿಗಳು ಬೇಗನೆ ಮೂಡಿದವು. ಒಂದು ಘಟನೆಯ ಅತ್ಯಂತ ತೀವ್ರವಾದ ಕ್ಷಣವನ್ನು ಕೆಲವೇ ಗೆರೆಗಳಲ್ಲಿ ಹಿಡಿಯುವುದು ವ್ಯಂಗ್ಯಚಿತ್ರಕಾರರ ನಿತ್ಯದ ಅಭ್ಯಾಸವಾದ್ದರಿಂದ ಅಲ್ಲಿ ಕಷ್ಟವೇನಿರಲಿಲ್ಲ. ನಡುವಿನ ಚಿತ್ರಗಳನ್ನು ಸಮ ಅಂತರದಲ್ಲಿ ತುಂಬಿ, ಕರಡು ಚಿತ್ರಗಳನ್ನು ಸಾಲಾಗಿ ಓಡಿಸಿ ಚಲನೆಯನ್ನು ಪರೀಕ್ಷಿಸುವ ಪೆನ್ಸಿಲ್ ಟೆಸ್ಟ್ ನೋಡಿದಾಗ ಮಾತ್ರ, ಅಜ್ಜಿ ಎದ್ದಳಾದರೂ ಅವಳ ಮೈಭಾರ ಏಳಲಿಲ್ಲ. ಯಾರೋ ದಾರ ಹಿಡಿದು ಮೇಲಕ್ಕೆ ಎಳೆದ ಗೊಂಬೆಯಂತೆ ಕಂಡಳು.

ಇಂಥ ಹೊತ್ತಿನಲ್ಲಿ ಅನಿಮೇಷನ್ ಕಲಾವಿದರಿಗೆ ಅವರವರ ದೇಹವೇ ಗುರು. ಮೇಜು ಬಿಟ್ಟು ನೆಲದ ಮೇಲೆ ಕೂತು, ಕೈಯೂರಿ ನಿಧಾನವಾಗಿ ಎದ್ದೆ. ಮತ್ತೆ ಕೂತೆ, ಮತ್ತೆ ಎದ್ದೆ. ಸೊಂಟ ಮೇಲೇಳುವುದಕ್ಕೆ ಮೊದಲು ತಲೆ ಮುಂದಕ್ಕೆ ಬಾಗಿ ಸ್ವಲ್ಪ ಕೆಳಗಿಳಿಯುತ್ತದೆ, ಮೈಯ ಭಾರವೆಲ್ಲ ಪಾದಗಳ ಮೇಲೆ ಬರುವವರೆಗೂ ಅಂಗೈ ನೆಲವನ್ನು ಬಿಡುವುದಿಲ್ಲ, ಭಾರ ಬದಲಾಗುವ ಆ ಗಳಿಗೆಯಲ್ಲಿ ಇಡೀ ಚಲನೆ ತಡೆದು ನಿಂತಂತಾಗುತ್ತದೆ. ಚಿತ್ರಗಳು ಒಂದಕ್ಕೊಂದು ಹತ್ತಿರವಿದ್ದಷ್ಟೂ ಚಲನೆ ನಿಧಾನ, ದೂರವಿದ್ದಷ್ಟೂ ವೇಗ. ಹಾಗಾಗಿ, ಯಾವ ಚಿತ್ರ ಎಷ್ಟು ಫ್ರೇಮು ನಿಲ್ಲಬೇಕೆಂದು ಗುರುತಿಸುವ ಎಕ್ಸ್‌ಪೋಷರ್ ಶೀಟನ್ನು ಹೊಸದಾಗಿ ಬರೆದು, ಅಂಗೈ ನೆಲವನ್ನು ಒತ್ತುವ ಕಡೆ ಚಿತ್ರಗಳನ್ನು ಒತ್ತೊತ್ತಾಗಿ ಇಟ್ಟೆ. ಎದ್ದು ನಿಲ್ಲುವ ಭಾಗಕ್ಕೆ ಕೆಲವೇ ಸಾಕಾದವು. ನಡುವಿನ ಚಿತ್ರಗಳನ್ನು ಕಂಪ್ಯೂಟರೇ ತುಂಬಿಕೊಡುತ್ತದಲ್ಲವೇ ಎಂದು ಗೆಳೆಯರು ಕೇಳುವುದುಂಟು. ತುಂಬಿಕೊಡುತ್ತದೆ, ಆದರೆ ಈ ಅಜ್ಜಿ ಎಲ್ಲಿ ತಡೆಯಬೇಕು, ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಅವಳನ್ನು ಬಲ್ಲವರೇ ನಿರ್ಧರಿಸಬೇಕು.

ಪತ್ರಿಕೆಗಳ ಚಿತ್ರಪಟ್ಟಿಗಳಿಂದ ಹೆಸರಾಗಿದ್ದ ವಿನ್ಸರ್ ಮೆಕೇ ಅವರು 1914ರಲ್ಲಿ ಗರ್ಟಿ ಎಂಬ ಡೈನೋಸಾರನ್ನು ತೆರೆಯ ಮೇಲೆ ನಡೆಸಿದಾಗ, ಬದಲಾಗದ ಹಿನ್ನೆಲೆಯನ್ನೂ ಸಹಾಯಕರೊಬ್ಬರ ನೆರವಿನಿಂದ ಪ್ರತಿ ಹಾಳೆಯಲ್ಲೂ ಮತ್ತೆ ಬರೆಯಬೇಕಾಗಿತ್ತು. ಮೊದಲು ಮುಖ್ಯ ಭಂಗಿಗಳನ್ನು ಬರೆದುಕೊಂಡು ಅವುಗಳ ನಡುವನ್ನು ಆಮೇಲೆ ತುಂಬುವ ಕ್ರಮವನ್ನು ಅವರೂ ಅನುಸರಿಸಿದ್ದರು. ಪತ್ರಿಕಾ ವ್ಯಂಗ್ಯಚಿತ್ರಗಳಿಂದಲೇ ಬಂದ ಬಿಲ್ ಪ್ಲಿಂಪ್ಟನ್ ಅವರ 1987ರ ‘ಯುವರ್ ಫೇಸ್’ ಚಿತ್ರದಲ್ಲಿ, ಹಾಡುವ ಒಬ್ಬನ ಮುಖ ನಾನಾ ಬಗೆಯಲ್ಲಿ ರೂಪಾಂತರಗೊಳ್ಳುವುದನ್ನು ಬಿಟ್ಟರೆ ಬೇರೇನೂ ಹೆಚ್ಚಾಗಿ ನಡೆಯುವುದಿಲ್ಲ. ಆದರೂ ಅದು ಆಸ್ಕರ್ ನಾಮನಿರ್ದೇಶನ ಪಡೆಯಿತು. ಒಬ್ಬರೇ ದುಡಿಯುವವರು ಯಾವುದನ್ನು ಚಲಿಸುವಂತೆ ಮಾಡಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲೇಬೇಕು, ಮತ್ತು ನಾನು ನಂಬುವಂತೆ ಸ್ವತಂತ್ರ ಚಿತ್ರಗಳ ಶೈಲಿ ಬಹುಮಟ್ಟಿಗೆ ಅಲ್ಲಿಯೇ ಹುಟ್ಟುತ್ತದೆ. ನಾನೂ ಅಂದು ಗೋಡೆ, ಕಿಟಕಿಗಳನ್ನೆಲ್ಲ ಬಿಟ್ಟು ಅಜ್ಜಿಯ ಕೆಳಗೆ ನೆಲದ ಗೆರೆಯೊಂದನ್ನೇ ಉಳಿಸಿಕೊಂಡೆ. ಆಗ ನೋಟ ನೇರವಾಗಿ ಅವಳ ಅಂಗೈಗೆ ಹೋಗುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಎರಡನೆಯ ಪೆನ್ಸಿಲ್ ಟೆಸ್ಟಿನಲ್ಲಿ ಅಜ್ಜಿ ತನ್ನ ಭಾರವನ್ನು ತಾನೇ ಎತ್ತಿಕೊಂಡು ಎದ್ದಳು. ಎದ್ದವಳನ್ನು ಒಂದೇ ಚಿತ್ರದಲ್ಲಿ ನಿಲ್ಲಿಸಿದರೆ ಜೀವ ಹೋದಂತೆ ಕಾಣುವುದರಿಂದ, ಅದೇ ಭಂಗಿಯನ್ನು ಮೂರು ಹಾಳೆಗಳಲ್ಲಿ ಒಂದರ ಮೇಲೊಂದಿಟ್ಟು ಬರೆದು, ಸರದಿಯಂತೆ ಬರುವ ಹಾಗೆ ಶೀಟಿನಲ್ಲಿ ಗುರುತು ಹಾಕಿದೆ. ಕೈಬರಹದ ಸಣ್ಣ ವ್ಯತ್ಯಾಸಗಳಿಂದಾಗಿ ನಿಂತವಳ ಗೆರೆಗಳು ತುಸುವೇ ನಡುಗಿದವು. ಆ ವಯಸ್ಸಿಗೆ ಅದು ಸರಿಯಾಗಿಯೇ ಇತ್ತು.