ಬಾತ್‌ಶೀಬಾ: ಈಜೋಕಲ್ಲ, ಸುಮ್ನೆ ಕೂರೋಕೆ

ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಲ್ಲಿ ಯಾರಾದರೂ "ಎಂಬತ್ತು ಡಾಲರ್" ಅಂದರೆ ಮೊದಲು "ಯಾವ ಡಾಲರ್?" ಅಂತ ಕೇಳಿ. ನಾನು ಕೇಳಲಿಲ್ಲ. ಅಲ್ಲಿನ 2 ಡಾಲರ್ ಅಂದರೆ ಅಮೆರಿಕದ 1 ಡಾಲರ್. 1975ರಿಂದ ಇದೇ ಲೆಕ್ಕ. ಅಂಗಡಿಗಳಲ್ಲಿ ಎರಡೂ ನೋಟು ನಡೆಯುತ್ತವೆ. ಭಾನುವಾರ ಸಂಜೆ ಪೂರ್ವ ಕರಾವಳಿಯ ಊರು ಬಾತ್‌ಶೀಬಾದಿಂದ ರಾಜಧಾನಿ ಬ್ರಿಜ್‌ಟೌನ್‌ಗೆ ನಾನು, ಅಪ್ಪ ಟ್ಯಾಕ್ಸಿ ಹಿಡಿದೆವು. ಮೀಟರ್ ಇಲ್ಲ. ಡ್ರೈವರ್ ಎಂಬತ್ತು ಅಂದ, ನಾನು ಹೂಂ ಅಂದೆ. ಇಳಿಯುವಾಗ "ಯುಎಸ್" ಅಂತ ಸೇರಿಸಿದ. ಅಪ್ಪ ಹಿಂದಿನ ಸೀಟಿನಲ್ಲೇ ಕೂತು ಅವನಿಗೆ ಅಪ್ಪಟ ಹಾಸನದ ಕನ್ನಡದಲ್ಲಿ ಬೈದರು. ಅವನು ನಗುತ್ತಾ ಕೇಳಿಸಿಕೊಂಡ. ದುಡ್ಡು ಮಾತ್ರ ಬಿಡಲಿಲ್ಲ. ಅದೇ ದಾರಿಗೆ ಬಸ್ಸಿನಲ್ಲಿ ಇಬ್ಬರಿಗೂ ಸೇರಿ 7 ಡಾಲರ್, ಅದೂ ಅಲ್ಲಿನ ಡಾಲರ್!

ನಾನಿರೋದು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಊರಿಂದ ಬಂದಿದ್ದ ಅಪ್ಪ ಫೆಬ್ರವರಿ ಚಳಿಗೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಟೊರಾಂಟೊದಿಂದ ನೇರ ವಿಮಾನ ಇದೆ, ಭಾರತದ ಪಾಸ್‌ಪೋರ್ಟಿಗೆ ಬಾರ್ಬಡೋಸ್ ವೀಸಾ ಕೇಳೋದಿಲ್ಲ. ಆದರೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಅವರ ಕೆನಡಾ ವೀಸಾ ಮಲ್ಟಿಪಲ್ ಎಂಟ್ರಿನಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರೋದು ಕಷ್ಟ. ಇನ್ನೊಂದು, ಮಿಲಿಟರಿ ಡಿಸೈನಿನ ಬಟ್ಟೆ ಅಲ್ಲಿ ಕಾನೂನುಬಾಹಿರ. ಮಕ್ಕಳ ಚಡ್ಡಿ ಕೂಡ. ಅಪ್ಪ ಸಂತೆಯಲ್ಲಿ ಕೊಂಡಿದ್ದ ಹಸಿರು ಮಚ್ಚೆಯ ಟೋಪಿಯನ್ನು ನಾನು ಮನೆಯಲ್ಲೇ ಬಿಡಿಸಿದೆ. ಆ ಕೋಪ ಅವರಿಗೆ ಎರಡು ದಿನ ಇತ್ತು.

ಆ ಎರಡು ದಿನ ನಾವು ಪಶ್ಚಿಮದ ಕರಾವಳಿಯಲ್ಲಿದ್ದೆವು. ಎಲ್ಲರೂ ಹೊಗಳೋದು ಅದನ್ನೇ. ನನಗೆ ಜನಜಂಗುಳಿ ಆಗೋದಿಲ್ಲ, ಹಾಗಾಗಿ ನನ್ನ ಮಾತನ್ನು ಅರ್ಧ ಕಳೆದು ಕೇಳಿ. "ಸಮುದ್ರ ಕಾಣುವ ರೂಮ್" ಅಂತ ಜಾಸ್ತಿ ದುಡ್ಡು ಕೊಟ್ಟಿದ್ದೆ. ಬಾಲ್ಕನಿಯಲ್ಲಿ ಕತ್ತು ಹೊರಗೆ ಚಾಚಿದರೆ ಎರಡು ಗೋಡೆಗಳ ನಡುವೆ ಒಂದು ಗೇಣು ನೀಲಿ ಕಾಣುತ್ತಿತ್ತು. ಕೆಳಗೆ ಬಾಡಿಗೆ ಕುರ್ಚಿ, ಬಾಡಿಗೆ ಕೊಡೆ. ಆ ಕಡೆ ಹೋಗುವವರು ಕೆಂಪು ಪಟ್ಟಿ ಬಳಿದ ಮರಗಳಿಂದ ದೂರ ಇರಿ. ಮ್ಯಾಂಚಿನೀಲ್ ಅಂತ ಅದರ ಹೆಸರು. ಕಾಯಿ ಸಣ್ಣ ಹಸಿರು ಸೇಬಿನ ಹಾಗಿರುತ್ತೆ, ಪೂರ್ತಿ ವಿಷ. ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಮೈಮೇಲೆ ಬೊಕ್ಕೆ ಏಳುತ್ತವೆ.

ಮೂರನೇ ದಿನ ಬ್ರಿಜ್‌ಟೌನಿನ ಫೇರ್‌ಚೈಲ್ಡ್ ಸ್ಟ್ರೀಟ್ ನಿಲ್ದಾಣದಿಂದ ಬಾತ್‌ಶೀಬಾ ಬಸ್ ಹತ್ತಿದೆವು. ಸರ್ಕಾರಿ ಬಸ್ ನೀಲಿ ಬಣ್ಣದ್ದು. ಎಲ್ಲಿಗೆ ಹೋದರೂ ಒಬ್ಬರಿಗೆ 3.50. ಕಂಡಕ್ಟರ್ ಇಲ್ಲ, ದುಡ್ಡನ್ನು ಡಬ್ಬಿಗೆ ಹಾಕಬೇಕು, ಚಿಲ್ಲರೆ ವಾಪಸ್ ಬರೋದಿಲ್ಲ. ನನ್ನ ಕೈಯಲ್ಲಿದ್ದದ್ದು 20ರ ನೋಟು. ಡಬ್ಬಿಗೆ ಹಾಕೋಕೆ ಹೊರಟಿದ್ದೆ. ಮುಂದಿನ ಸೀಟಿನ ಅಜ್ಜಿಯೊಬ್ಬರು ಕೈ ಹಿಡಿದು ನಿಲ್ಲಿಸಿ, ಪರ್ಸ್ ತೆಗೆದು ಚಿಲ್ಲರೆ ಕೊಟ್ಟರು. ಆಮೇಲೆ, ಬಸ್ ಹತ್ತಿದವರು ಮೊದಲು ಗುಡ್ ಮಾರ್ನಿಂಗ್ ಹೇಳಬೇಕು ಅಂತ ಗದರಿದರು ಕೂಡ. ನಿಜ, ಅಲ್ಲಿ ಹತ್ತುವವರೆಲ್ಲ ಇಡೀ ಬಸ್ಸಿಗೆ ಹೇಳುತ್ತಾರೆ. ಸ್ಟಾಪ್ ಬೋರ್ಡುಗಳಲ್ಲಿ "ಟು ಸಿಟಿ", "ಔಟ್ ಆಫ್ ಸಿಟಿ" ಅಂತ ಎರಡೇ ಬರಹ, ಸಿಟಿ ಅಂದರೆ ಬ್ರಿಜ್‌ಟೌನ್, ದಾರಿ ತಪ್ಪೋದು ಕಷ್ಟ.

ಕಬ್ಬಿನ ಗದ್ದೆ ದಾಟಿ ಬಸ್ ಇಳಿಜಾರಿಗೆ ಬಿದ್ದಾಗ ಕೆಳಗೆ ಅಟ್ಲಾಂಟಿಕ್ ಕಾಣುತ್ತದೆ. ಮರಳಿನಲ್ಲಿ, ನೀರಿನಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು ನಿಂತಿವೆ. "ಹಂಪಿ ಕಲ್ಲಿನ ಬುಡಾನ ಯಾರೋ ಕೊರೆದಂಗಿದೆ ಕಣಮ್ಮ" ಅಂದರು ಅಪ್ಪ. ಆದರೆ ಇದು ಹಂಪಿಯ ಗ್ರಾನೈಟ್ ಅಲ್ಲ. ದ್ವೀಪದ ಬಹುಪಾಲಿಗೆ ಹವಳದಿಂದಾದ ಸುಣ್ಣಕಲ್ಲಿನ ಹೊದಿಕೆ ಇದೆ. ಪೂರ್ವದ ಈ ಮೂಲೆಯಲ್ಲಿ ಅದು ಸವೆದು ಹೋಗಿದೆ. ಮೇಲಿಂದ ಮುರಿದು ಉರುಳಿದ ತುಂಡುಗಳೇ ಈ ಬಂಡೆಗಳು. ಅಲೆ ಬುಡವನ್ನು ತಿಂದು ತಿಂದು ಒಂದೊಂದೂ ಅಣಬೆ ಆಗಿದೆ.

ಇಲ್ಲಿ ಈಜೋಕೆ ಇಳಿಯಬೇಡಿ. ಸೆಳೆತ ಜೋರು. ಸರ್ಫಿಂಗ್ ಮಾಡುವ ಹುಡುಗರನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ, ಅವರ ವಿದ್ಯೆ ಬೇರೆ. ನೀರು ಇಳಿದಾಗ ಬಂಡೆಗಳ ನಡುವೆ ಸಣ್ಣ ಗುಂಡಿಗಳಾಗುತ್ತವೆ, ಊರಿನವರು ಅದರಲ್ಲಿ ಕತ್ತಿನವರೆಗೆ ಮುಳುಗಿ ಹರಟೆ ಹೊಡೆಯುತ್ತಾರೆ. ಹಾಗೇ ಮಾಡಿ. ಕಾಲಿಗೆ ಚಪ್ಪಲಿ ಇರಲಿ, ಕಲ್ಲಿನ ಸಂದಿಯಲ್ಲಿ ಮುಳ್ಳಿನ ಚೆಂಡಿನಂಥ ಜೀವಿಗಳಿವೆ. ಬೇಸಿಗೆ ತಿಂಗಳುಗಳಲ್ಲಿ ಸರ್ಗಾಸಮ್ ಅನ್ನೋ ಕಂದು ಕಡಲಪಾಚಿ ದಡಕ್ಕೆ ಬಂದು ಕೊಳೆಯುತ್ತದೆ, ಮೂಗು ಮುಚ್ಚದೆ ಇರೋಕಾಗಲ್ಲ. ನಾವು ಹೋದಾಗ ಅಲ್ಲೊಂದು ಇಲ್ಲೊಂದು ಗುಪ್ಪೆ ಇತ್ತು ಅಷ್ಟೆ. ದಡದುದ್ದಕ್ಕೂ ನಡೆಯಬಹುದು, 1937ರಲ್ಲಿ ನಿಂತುಹೋದ ರೈಲಿನ ಹಾದಿ ಅದು. ಅಪ್ಪನ ಮಂಡಿ ಒಪ್ಪಲಿಲ್ಲ, ನಾನು ಸ್ವಲ್ಪ ದೂರ ಹೋಗಿ ವಾಪಸ್ ಬಂದೆ.

ಈಗ ಊಟದ ವಿಷಯ. ರಸ್ತೆ ಬದಿ ಒಂದು ರಮ್ ಶಾಪ್. ಹೆಸರು ಕೇಳಿ ಹೆದರಬೇಡಿ, ಮೂರು ಮೇಜಿನ ಮರದ ಅಂಗಡಿ, ಒಳಗೆ ಡಾಮಿನೋ ಆಡುವ ಮುದುಕರು. ಅಪ್ಪ ಶುದ್ಧ ಸಸ್ಯಾಹಾರಿ. ಅನ್ನಕ್ಕೆ ಕಾಳು ಹಾಕಿದ "ರೈಸ್ ಅಂಡ್ ಪೀಸ್" ತೋರಿಸಿದೆ. ಅಂಗಡಿಯಾಕೆ ಅಪ್ಪನ ಮುಖ ನೋಡಿ, "ಬೇಡ ಸ್ಕಿಪರ್, ಅದರಲ್ಲಿ ಹಂದಿ ಬಾಲ ಇದೆ" ಅಂದಳು. ಎಲ್ಲಿ ತಿಂದರೂ ಇದನ್ನು ಕೇಳಿಯೇ ತಿನ್ನಿ. ಸ್ಕಿಪರ್, ಅಂದರೆ ಕ್ಯಾಪ್ಟನ್, ಅಂದಿದ್ದಕ್ಕೇ ಅಪ್ಪ ಖುಷಿಯಾಗಿಬಿಟ್ಟರು. ಬದಲಿಗೆ ಆಕೆ ಕೊಟ್ಟಿದ್ದು ಕೂ-ಕೂ. ಬೆಂಡೆಕಾಯಿ ಬೇಯಿಸಿದ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ ತಿರುವುತ್ತಾರೆ. ತಿರುವೋಕೆ ಚಪ್ಪಟೆ ಕೋಲು, ಪುಟ್ಟ ಕ್ರಿಕೆಟ್ ಬ್ಯಾಟಿನ ಥರ. ಅಪ್ಪ ಅಡುಗೆಮನೆಗೇ ನುಗ್ಗಿ ನೋಡಿದರು. "ಮುದ್ದೆ ಕಣಮ್ಮ ಇದು! ಗಂಟಾಗದಂಗೆ ತಿರುವೋಕೆ ಇವಳಿಗೂ ಬರುತ್ತೆ." ಪಕ್ಕದಲ್ಲಿ ಬೇಯುತ್ತಿದ್ದದ್ದು ಹಸಿ ತೊಗರಿಕಾಳು. ಬೆಣ್ಣೆ, ಆ ಕಾಳು, ಮೇಲೆ ಪೆಪ್ಪರ್ ಸಾಸ್ ಅನ್ನೋ ಅರಿಶಿನ ಸಾಸಿವೆ ಹಾಕಿದ ಹಳದಿ ಖಾರದ ಚಟ್ನಿ, ಇಷ್ಟರ ಜೊತೆ ಅಪ್ಪ ಎರಡು ಸಲ ಹಾಕಿಸಿಕೊಂಡರು. ನಾನು ಅದೇ ಕೂ-ಕೂವನ್ನು ಹಾರುವ ಮೀನಿನ ಸಾರಿನಲ್ಲಿ ತಿಂದೆ. ಮೇಲೆ "ಬ್ರೆಡ್ ಅಂಡ್ ಟೂ", ಅಂದರೆ ಬನ್ನಿನೊಳಗೆ ಎರಡು ಮೀನಿನ ಬೋಂಡಾ. ಇಬ್ಬರಿಗೂ ಸೇರಿ ಆದದ್ದು 32, ಅಲ್ಲಿನ ಡಾಲರ್. ಬಾತ್‌ಶೀಬಾದಲ್ಲಿದ್ದ ಮೂರು ದಿನವೂ ಅಲ್ಲೇ ಉಂಡೆವು.

ಬ್ರಿಜ್‌ಟೌನಿನಲ್ಲಿ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ಬಿಟ್ಟರೆ ಏನೂ ನೋಡಲಿಲ್ಲ. ಅಪ್ಪ ಗೇಟಿನ ಮುಂದೆ ನಿಂತು, 1997ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟಿನಲ್ಲಿ ಭಾರತ 120 ಹೊಡೆಯೋಕಾಗದೆ 81ಕ್ಕೆ ಆಲೌಟಾದ ಕಥೆ ಪೂರ್ತಿ ಹೇಳಿದರು. ಆ ತಂಡದಲ್ಲಿದ್ದ ದ್ರಾವಿಡ್, ಇದೇ ನೆಲದಲ್ಲಿ 2024ರ ಜೂನ್ 29ರಂದು ಕೋಚ್ ಆಗಿ ಟಿ20 ವಿಶ್ವಕಪ್ ಎತ್ತಿ ಕೂಗಿದ್ದನ್ನು ಹೇಳುವಾಗ ಕಣ್ಣು ಒರೆಸಿಕೊಂಡರು.

ಹೋಗುವವರು ಬಾತ್‌ಶೀಬಾದಲ್ಲೇ ರೂಮ್ ಮಾಡಿ, ಸಂಜೆ ಆರಕ್ಕೆ ಕತ್ತಲಾದ ಮೇಲೆ ಬಂಡೆ ಹತ್ತಬೇಡಿ, ಭಾನುವಾರ ಹೊರಡೋ ಪ್ಲಾನ್ ಹಾಕಬೇಡಿ, ಬಸ್ ಕಡಿಮೆ. ಪೆಪ್ಪರ್ ಸಾಸ್ ಕೊಂಡರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ನಾನು ಎರಡು ಬಾಟಲಿ ಕೈಚೀಲದಲ್ಲಿಟ್ಟಿದ್ದೆ, ಏರ್‌ಪೋರ್ಟಿನಲ್ಲಿ ಎರಡೂ ಹೋದವು. ಅಪ್ಪ ಮಾತ್ರ ಒಂದನ್ನು ನನಗೆ ಹೇಳದೆ ದೊಡ್ಡ ಪೆಟ್ಟಿಗೆಯಲ್ಲಿ ಪಂಚೆಯೊಳಗೆ ಸುತ್ತಿಟ್ಟಿದ್ದರು. ಮಿಸ್ಸಿಸಾಗಾದಲ್ಲಿ ಒಂದು ತಿಂಗಳು ಮೊಸರನ್ನಕ್ಕೆ ಅದೇ ನಂಜಿಕೊಂಡರು, ನನಗೆ ಲೆಕ್ಕ ಹಾಕಿ ಒಂದೊಂದೇ ತೊಟ್ಟು ಕೊಡುತ್ತಿದ್ದರು.