‘ತವರು’ ಎಂದು ಬರೆಯುವ ಮುನ್ನ

2015ರ ಫೆಬ್ರುವರಿ 17ರ ಪತ್ರಿಕೆ ಇಂದಿಗೂ ನನ್ನ ಮನೆಯ ಕಪಾಟಿನಲ್ಲಿದೆ. ಕ್ರೀಡಾ ಪುಟದ ಕೆಳಮೂಲೆಯಲ್ಲಿ ‘ಇಂದಿನ ಪಂದ್ಯಗಳು’ ಎಂಬ ಸಣ್ಣ ಬಾಕ್ಸ್ ಇದೆ. ಅದರಲ್ಲಿ ನಾನು ಬರೆದ ಸಾಲು ಇದು: ಶಖ್ತಾರ್ ಡೊನೆಟ್ಸ್ಕ್–ಬಯರ್ನ್ ಮ್ಯೂನಿಕ್, ಸ್ಥಳ: ಡೊನೆಟ್ಸ್ಕ್, ರಾತ್ರಿ 1.15.

ಅದೇ ದಿನದ ವಿದೇಶ ಪುಟದಲ್ಲಿ ಎರಡು ಕಾಲಂನ ಸುದ್ದಿಯಿತ್ತು. ಉಕ್ರೇನ್ ಸೇನೆ ಮತ್ತು ರಷ್ಯಾ ಬೆಂಬಲಿತ ಬಂಡುಕೋರರ ನಡುವೆ ಕದನ ವಿರಾಮ ಜಾರಿಗೆ ಬಂದು ಎರಡು ದಿನವಾಗಿದ್ದರೂ ಪೂರ್ವ ಉಕ್ರೇನ್‌ನ ಡೊನೆಟ್ಸ್ಕ್ ಪ್ರಾಂತ್ಯದ ಡೆಬಾಲ್ಟ್ಸೆವೆ ಪಟ್ಟಣದಲ್ಲಿ ಕಾಳಗ ನಿಂತಿಲ್ಲ ಎಂಬ ಸುದ್ದಿ. ಒಂದು ಪುಟದಲ್ಲಿ ಫಿರಂಗಿ, ಇನ್ನೊಂದು ಪುಟದಲ್ಲಿ ಫುಟ್‌ಬಾಲ್. ಊರಿನ ಹೆಸರು ಮಾತ್ರ ಒಂದೇ.

ಮರುದಿನ ಮಧ್ಯಾಹ್ನ ವಿದೇಶ ಪುಟ ನೋಡಿಕೊಳ್ಳುತ್ತಿದ್ದ ಹಿರಿಯರು ಎರಡೂ ಪುಟಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಗದರಲಿಲ್ಲ. “ಈ ಊರಿನಲ್ಲಿ ನಿನ್ನೆ ರಾತ್ರಿ ಯಾರಾದರೂ ಚೆಂಡು ಒದೆಯಲು ಸಾಧ್ಯವಿತ್ತೇ, ನೀವೇ ಹೇಳಿ” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಪಂದ್ಯ ನಡೆದದ್ದು ಲವಿವ್‌ನಲ್ಲಿ. ಡೊನೆಟ್ಸ್ಕ್‌ನಿಂದ ಸುಮಾರು ಸಾವಿರ ಕಿಲೊಮೀಟರ್ ಪಶ್ಚಿಮಕ್ಕೆ, ದೇಶದ ಇನ್ನೊಂದು ಅಂಚಿನಲ್ಲಿ. ಯಾರೂ ಗೋಲು ಹೊಡೆಯದೆ ಮುಗಿದ ಆ ಪಂದ್ಯದ ಫಲಿತಾಂಶವನ್ನು ಸರಿಯಾಗಿ ಹಾಕಿದೆವು, ಸ್ಥಳದ ತಪ್ಪಿಗೆ ತಿದ್ದುಪಡಿಯನ್ನೂ ಹಾಕಿದೆವು.

ಆ ತಪ್ಪು ಹೇಗಾಯಿತು ಎಂಬುದನ್ನು ನಾನು ಮರೆಯುವಂತಿಲ್ಲ. ಕ್ರಿಕೆಟ್ ವಿಶ್ವಕಪ್ ಆಗತಾನೇ ಶುರುವಾಗಿತ್ತು. ಡೆಸ್ಕ್‌ನಲ್ಲಿ ಎಲ್ಲರ ಕಣ್ಣೂ ಅತ್ತಲೇ. ಫುಟ್‌ಬಾಲ್ ಬಾಕ್ಸ್ ತುಂಬಿಸಲು ನಾನೊಂದು ಸುಲಭ ಸೂತ್ರ ಮಾಡಿಕೊಂಡಿದ್ದೆ: ಏಜೆನ್ಸಿಯ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಆತಿಥೇಯ ತಂಡದ್ದು, ತಂಡದ ಹೆಸರಿನಲ್ಲಿರುವ ಊರೇ ಪಂದ್ಯದ ಊರು. ಮ್ಯಾಡ್ರಿಡ್, ಮ್ಯಾಂಚೆಸ್ಟರ್, ಮ್ಯೂನಿಕ್ ಎಲ್ಲದಕ್ಕೂ ಈ ಸೂತ್ರ ಹೊಂದುತ್ತಿತ್ತು. ವರ್ಷಗಟ್ಟಲೆ ಹೊಂದುತ್ತಲೇ ಇದ್ದುದರಿಂದ, ಅದು ಹೊಂದದ ತಂಡವೂ ಇರಬಹುದು ಎಂಬ ಯೋಚನೆಯೇ ಬರಲಿಲ್ಲ.

ಆ ವಾರವಿಡೀ ಪಾಳಿ ಮುಗಿದ ಮೇಲೆ ಕುಳಿತು ಶಖ್ತಾರ್‌ನ ಚರಿತ್ರೆ ಓದಿದೆ. ಮೊದಲ ಪುಟದಲ್ಲೇ ನಾನು ಎಡವಿದ್ದೆ. ಈ ತಂಡದ ಹೆಸರಿನಲ್ಲಾಗಲೀ ಊರಿನ ಹೆಸರಿನಲ್ಲಾಗಲೀ ಯಾವುದೂ ಶಾಶ್ವತವಾಗಿ ನಿಂತಿಲ್ಲ. 1936ರಲ್ಲಿ ಕ್ಲಬ್ ಹುಟ್ಟಿದಾಗ ಊರಿನ ಹೆಸರು ಸ್ಟಾಲಿನೊ, ತಂಡದ ಹೆಸರು ಸ್ತಖಾನೊವೆತ್ಸ್. ಅಲೆಕ್ಸೇಯ್ ಸ್ತಖಾನೊವ್ ಎಂಬ ಗಣಿ ಕಾರ್ಮಿಕ ಅದರ ಹಿಂದಿನ ವರ್ಷ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದನೆಂದು ಸೋವಿಯತ್ ಸರ್ಕಾರ ದೇಶದ ತುಂಬ ಡಂಗುರ ಹೊಡೆಸಿತ್ತು. ತಂಡಕ್ಕೂ ಅವನದೇ ಹೆಸರು. 1946ರಲ್ಲಿ ಅದು ಬದಲಾಗಿ ‘ಗಣಿ ಕಾರ್ಮಿಕ’ ಎಂಬ ಅರ್ಥದ ಈಗಿನ ಹೆಸರು ಬಂತು. ಊರು ಡೊನೆಟ್ಸ್ಕ್ ಆದದ್ದು 1961ರಲ್ಲಿ. ಅದೇ ವರ್ಷ ತಂಡ ಮೊದಲ ಬಾರಿಗೆ ಸೋವಿಯತ್ ಕಪ್ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಲಾಂಛನದಲ್ಲಿ ಇಂದಿಗೂ ಎರಡು ಸುತ್ತಿಗೆಗಳು ಒಂದನ್ನೊಂದು ಹಾದುಹೋಗಿವೆ. ಕಿತ್ತಳೆ ಮತ್ತು ಕಪ್ಪು ಬಣ್ಣದ ಅಂಗಿ. ನೆಲದಡಿಯ ಕತ್ತಲೆಯಿಂದ ಮೇಲೆ ಬಂದವರ ತಂಡ ಇದು.

1995ರ ಅಕ್ಟೋಬರ್‌ನಲ್ಲಿ ಕ್ಲಬ್‌ನ ಅಧ್ಯಕ್ಷ ಅಖಾತ್ ಬ್ರಾಗಿನ್ ತನ್ನದೇ ಕ್ರೀಡಾಂಗಣದಲ್ಲಿ ಬಾಂಬ್ ಸ್ಫೋಟಕ್ಕೆ ಬಲಿಯಾದ. ಮರುವರ್ಷ ಕ್ಲಬ್ ಉದ್ಯಮಿ ರಿನಾತ್ ಅಖ್ಮೆತೊವ್ ಕೈಗೆ ಬಂತು. ಹಣ ಹರಿಯಿತು. 2002ರಲ್ಲಿ ಮೊದಲ ಬಾರಿ ಉಕ್ರೇನ್ ಲೀಗ್ ಪ್ರಶಸ್ತಿ. 2004ರಲ್ಲಿ ರುಮೇನಿಯಾದ ಮಿರ್ಚಾ ಲುಚೆಸ್ಕು ಕೋಚ್ ಆಗಿ ಬಂದು ಹನ್ನೆರಡು ವರ್ಷ ಉಳಿದರು. ಹಿಂದಿನ ಸಾಲಿನ ರಕ್ಷಣೆಯನ್ನು ಹೆಚ್ಚಾಗಿ ಉಕ್ರೇನ್ ಮತ್ತು ಪೂರ್ವ ಯುರೋಪಿನವರಿಗೆ ಒಪ್ಪಿಸಿ, ಮುಂದೆ ಆಡಲು ಬ್ರೆಜಿಲ್‌ನ ಹುಡುಗರನ್ನು ಕರೆತಂದರು. ಫರ್ನಾಂಡಿನ್ಯೊ, ವಿಲಿಯನ್, ಡಗ್ಲಸ್ ಕೋಸ್ಟಾ ಮೊದಲಾದವರು ಯುರೋಪಿನ ದೊಡ್ಡ ಆಟಗಾರರಾದದ್ದು ಆ ಹಿಮದ ಊರಿನಲ್ಲೇ. 2009ರ ಮೇ 20ರಂದು ಇಸ್ತಾಂಬುಲ್‌ನಲ್ಲಿ ವೆರ್ಡರ್ ಬ್ರೆಮನ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋಲಿಸಿ ಯುಇಎಫ್‌ಎ ಕಪ್ ಗೆದ್ದರು. ಆ ಹೆಸರಿನಲ್ಲಿ ನಡೆದ ಕೊನೆಯ ಟೂರ್ನಿ ಅದು. ಮುಂದಿನ ಋತುವಿನಿಂದ ಅದಕ್ಕೆ ಯುರೋಪಾ ಲೀಗ್ ಎಂದು ಹೆಸರಾಯಿತು. 2009ರ ಆಗಸ್ಟ್‌ನಲ್ಲೇ ಸುಮಾರು 52,000 ಆಸನಗಳ ಡೊನ್‌ಬಾಸ್ ಅರೆನಾ ಉದ್ಘಾಟನೆಯಾಯಿತು. 2012ರ ಯುರೋ ಕಪ್‌ನಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಸೆಮಿಫೈನಲ್ ಆಡಿದ್ದು ಅಲ್ಲಿಯೇ.

ಅಂಥ ಅಂಗಳದಲ್ಲಿ ಶಖ್ತಾರ್ ಆಡಿದ್ದು ಐದು ವರ್ಷವೂ ಅಲ್ಲ. 2014ರ ಮೇ ತಿಂಗಳಲ್ಲಿ ಕೊನೆಯ ಪಂದ್ಯ. ಆಮೇಲೆ ಯುದ್ಧ. ಆಗಸ್ಟ್‌ನಲ್ಲಿ ಶೆಲ್ ದಾಳಿಗೆ ಕ್ರೀಡಾಂಗಣ ಹಾನಿಗೊಂಡಿತು. ಪ್ರೇಕ್ಷಕರು ಸಾಲುಗಟ್ಟುತ್ತಿದ್ದ ಜಾಗ ಕೆಲಕಾಲ ಜನರಿಗೆ ಆಹಾರದ ಪೊಟ್ಟಣ ಹಂಚುವ ಕೇಂದ್ರವಾಯಿತು. ತಂಡ ಕೀವ್‌ನಲ್ಲಿ ನೆಲೆಸಿ ಅಭ್ಯಾಸ ಮಾಡುತ್ತಿತ್ತು, ‘ತವರಿನ’ ಪಂದ್ಯಕ್ಕಾಗಿ ಲವಿವ್‌ಗೆ ಹೋಗುತ್ತಿತ್ತು. ಅಂದರೆ ಪ್ರತಿಯೊಂದು ಪಂದ್ಯವೂ ಪ್ರಯಾಣವೇ.

ಆ ದಿನಗಳ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ತಂಡದ ನಾಯಕ ದಾರಿಯೊ ಸ್ರ್ನಾ ಕ್ರೊಯೇಷಿಯಾದವರು. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದ ಕಾಲದಲ್ಲಿ ಬೆಳೆದವರು. ಅವರ ಹುಟ್ಟೂರಿನ ಸುತ್ತಲಿನ ನೆರೆಟ್ವಾ ಕಣಿವೆ ಕಿತ್ತಳೆ ಜಾತಿಯ ಮ್ಯಾಂಡರಿನ್ ಹಣ್ಣಿಗೆ ಹೆಸರುವಾಸಿ. 2014ರಲ್ಲಿ ಅವರು ಅಲ್ಲಿಂದ 20 ಟನ್ ಹಣ್ಣನ್ನು ಡೊನೆಟ್ಸ್ಕ್ ಭಾಗದ ಶಾಲಾ ಮಕ್ಕಳಿಗೆ ಕಳುಹಿಸಿದರು. ತಾನು ಆಡಲು ಹೋಗಲಾಗದ ಊರಿಗೆ ತನ್ನ ಊರಿನ ಹಣ್ಣು. ನನ್ನ ಬಾಕ್ಸ್‌ನ ಆ ಸಾಲನ್ನು ಡೊನೆಟ್ಸ್ಕ್ ಬಿಟ್ಟು ಹೊರಟ ಯಾರಾದರೂ ಓದಿದ್ದರೆ ಏನನ್ನಿಸುತ್ತಿತ್ತು ಎಂದು ಆಗ ಯೋಚಿಸಿದೆ. ಕನ್ನಡ ಪತ್ರಿಕೆ ಅವರ ಕೈಗೆ ಸಿಗುವುದಿಲ್ಲ, ನಿಜ. ಆದರೆ ಬರೆದದ್ದು ಬರೆದದ್ದೇ.

ಅಲ್ಲಿಂದ ನಾನು ‘ತವರು’ ಎಂಬ ಪದವನ್ನು ಬೇರೆಯಾಗಿ ನೋಡತೊಡಗಿದೆ. ತವರಿನ ಅಂಗಳ, ತವರಿನ ಬೆಂಬಲ, ತವರಿನಲ್ಲಿ ಮುಖಭಂಗ: ಕ್ರೀಡಾ ಪುಟದಲ್ಲಿ ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಈ ಪದ ನಮ್ಮಲ್ಲಿ ಹುಟ್ಟಿದ್ದು ಹೆಣ್ಣುಮಕ್ಕಳ ಬಾಯಲ್ಲಿ. ಬಿಟ್ಟು ಬಂದ ಮನೆಗೆ ಹೇಳುವ ಮಾತದು. ಬಾಡಿಗೆಗೆ ಹಿಡಿದ ಮನೆಗೆ ಯಾರೂ ತವರು ಎನ್ನುವುದಿಲ್ಲ. ಹಾಗಾಗಿ ಶಖ್ತಾರ್ ಪಂದ್ಯ ಬಂದಾಗಲೆಲ್ಲ ನಾನು ‘ಆತಿಥೇಯ ಶಖ್ತಾರ್’ ಎಂದಷ್ಟೇ ಬರೆದು, ಮೈದಾನದ ಹೆಸರನ್ನೂ ಊರನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಹಾಕುತ್ತೇನೆ. ಡೆಸ್ಕ್‌ನಲ್ಲಿ ಕೆಲವರಿಗೆ ಇದು ಅತಿಯಾಯಿತು ಎನ್ನಿಸಿತು. ನನಗೆ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಪರಿಶೀಲಿಸುವ ಕೆಲಸವೂ ಕಡಿಮೆಯಾಗಲಿಲ್ಲ. 2017ರಲ್ಲಿ ತಂಡ ಹಾರ್ಕಿವ್‌ಗೆ ಬಂತು, 2020ರಲ್ಲಿ ಕೀವ್‌ಗೆ. ಕೀವ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 2–0ರಿಂದ ಸೋಲಿಸಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಇಡೀ ದೇಶದ ಮೇಲೆ ದಾಳಿ ಮಾಡಿದ ಬಳಿಕ ಯುರೋಪಿನ ಪಂದ್ಯಗಳನ್ನು ದೇಶದೊಳಗೆ ಆಡುವಂತೆಯೇ ಇರಲಿಲ್ಲ. ಮೊದಲು ವಾರ್ಸಾ, ಮರುವರ್ಷ ಹ್ಯಾಂಬರ್ಗ್. 2023ರ ನವೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಬಾರ್ಸಿಲೋನಾವನ್ನು 1–0ರಿಂದ ಮಣಿಸಿದರು. ಗೋಲು ಹೊಡೆದದ್ದು ಉಕ್ರೇನ್‌ನ ಯುವಕ ದನಿಲೊ ಸಿಕಾನ್. ಇತ್ತ ದೇಶದ ಲೀಗ್‌ನಲ್ಲಿ ವಾಯುದಾಳಿಯ ಸೈರನ್ ಕೂಗಿದರೆ ಪಂದ್ಯ ನಿಲ್ಲುತ್ತದೆ, ಆಟಗಾರರು ಆಶ್ರಯತಾಣಕ್ಕೆ ಹೋಗುತ್ತಾರೆ, ಮತ್ತೆ ಬಂದು ಆಡುತ್ತಾರೆ. 2014ರಲ್ಲಿ ಊರು ಬಿಟ್ಟ ಮೇಲೆ 2024ರೊಳಗೆ ಶಖ್ತಾರ್ ಆರು ಬಾರಿ ಲೀಗ್ ಗೆದ್ದಿದೆ. ಡೊನೆಟ್ಸ್ಕ್‌ನಲ್ಲಿ ಒಂದೇ ಒಂದು ಪಂದ್ಯ ಆಡದೆ. ಈ ಸಾಲು ಬರೆಯುವಾಗ ಇಂದಿಗೂ ನನ್ನ ಕೈ ತಡೆಯುತ್ತದೆ.

2024ರ ಡಿಸೆಂಬರ್ 10ರ ರಾತ್ರಿ. ಅದೇ ಬಾಕ್ಸ್, ಅದೇ ಎರಡು ತಂಡಗಳು. ತುಂಬಿಸುತ್ತಿದ್ದವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿ. “ಸರ್, ಇಲ್ಲೇನೋ ತಪ್ಪಿದೆ” ಎಂದು ಕರೆದಳು. “ಆತಿಥೇಯ ತಂಡ ಶಖ್ತಾರ್ ಎಂದಿದೆ, ಎದುರಾಳಿ ಬಯರ್ನ್. ಸ್ಥಳ ಮಾತ್ರ ಜರ್ಮನಿಯ ಗೆಲ್ಸೆನ್‌ಕಿರ್ಷೆನ್. ಅದು ಇಬ್ಬರ ಊರೂ ಅಲ್ಲವಲ್ಲ?”

ಅವಳು ಊಹಿಸಿ ತುಂಬಿಸದೆ ಕೇಳಿದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಪುಟ ಮುಗಿಸುವ ಹೊತ್ತಾಗಿದ್ದರೂ ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತೆ. ಪಟ್ಟಿ ಸರಿಯಾಗಿಯೇ ಇದೆ, ಆ ವರ್ಷ ಶಖ್ತಾರ್ ಯುರೋಪಿನ ಪಂದ್ಯಗಳಿಗೆ ಶಾಲ್ಕೆ ಕ್ಲಬ್‌ನ ಮೈದಾನವನ್ನು ಬಳಸುತ್ತಿದೆ ಎಂದೆ. ಗೆಲ್ಸೆನ್‌ಕಿರ್ಷೆನ್ ಕೂಡ ಹಳೆಯ ಕಲ್ಲಿದ್ದಲಿನ ಊರು. ಶಾಲ್ಕೆ ತಂಡದ ಅಡ್ಡಹೆಸರಿಗೂ ಗಣಿ ಕಾರ್ಮಿಕರು ಎಂದೇ ಅರ್ಥ. ಅಲ್ಲಿ ಆಟಗಾರರು ಮೈದಾನಕ್ಕೆ ಬರುವ ಸುರಂಗದ ಗೋಡೆಗಳನ್ನು ಗಣಿಯ ಸುರಂಗದಂತೆಯೇ ಮಾಡಿದ್ದಾರೆ ಎಂದು ಹೇಳಿದೆ.

ಅವಳು ಸ್ವಲ್ಪ ಹೊತ್ತು ಪರದೆ ನೋಡುತ್ತಿದ್ದು, ‘ಸ್ಥಳ: ಗೆಲ್ಸೆನ್‌ಕಿರ್ಷೆನ್’ ಎಂದು ಬೆರಳಚ್ಚಿಸಿದಳು. ಕಾಗುಣಿತವನ್ನು ಎರಡು ಸಲ ನೋಡಿ, ಪುಟ ಕಳುಹಿಸಿದಳು.