ಸತುವಿನ ತುಂಡು

ಕಾರವಾರದ ಬೈತಖೋಲ ಬಂದರಿನಲ್ಲಿ ದಡಕ್ಕೆ ಎಳೆದಿಟ್ಟ ಉಕ್ಕಿನ ಬೋಟುಗಳ ಅಡಿಭಾಗವನ್ನು ಒಮ್ಮೆ ಬಗ್ಗಿ ನೋಡಿ. ಪ್ರೊಪೆಲ್ಲರ್ ಹತ್ತಿರ ಬೂದು ಬಣ್ಣದ ತುಂಡುಗಳಿರುತ್ತವೆ, ಇಲಿ ಕಚ್ಚಿದ ಬೆಲ್ಲದ ಹಾಗೆ. ಅದು ಸತು. ಕಂಚಿನ ಪ್ರೊಪೆಲ್ಲರ್, ಉಕ್ಕಿನ ಮೈ, ಸುತ್ತ ಉಪ್ಪುನೀರು ಅಂದರೆ ಅಲ್ಲೊಂದು ಬ್ಯಾಟರಿಯೇ ತಯಾರಾದಂತೆ. ಸುಮ್ನೆ ಬಿಟ್ಟರೆ ಉಕ್ಕು ಸವೆಯುತ್ತದೆ. ಸತು ಇದ್ದರೆ ಅದೇ ಮೊದಲು ಕರಗುತ್ತದೆ, ಉಕ್ಕು ಬಚಾವ್. ಸತುವಿಗೆ ಪೇಂಟ್ ಬಳಿಯಬಾರದು, ಬಳಿದರೆ ಕೆಲಸವೇ ಮಾಡಲ್ಲ. ಚೆನ್ನಾಗಿ ಕಾಣಲಿ ಅಂತ ಬಳಿಯುವವರೂ ಇರುತ್ತಾರೆ, ಏನು ಮಾಡೋದು!

ಇತ್ತ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಇನ್ನೊಂದು ಲೋಹ, ಜಿರ್ಕೋನಿಯಂ. ಯುರೇನಿಯಂ ಬಿಲ್ಲೆಗಳನ್ನು ಇದರ ಮಿಶ್ರಲೋಹದ ಕೊಳವೆಗಳಲ್ಲೇ ತುಂಬುವುದು. ಕಾರಣ, ಯುರೇನಿಯಂ ಪರಮಾಣುಗಳನ್ನು ಒಡೆಯುತ್ತಾ ಹೋಗಲು ಬೇಕಾದ ನ್ಯೂಟ್ರಾನ್ ಕಣಗಳನ್ನು ಅದು ಹೀರಿಕೊಳ್ಳುವುದು ತೀರಾ ಕಮ್ಮಿ. ತಮಾಷೆ ಅಂದ್ರೆ, ಅದೇ ಅದಿರಿನಲ್ಲಿ ಜೊತೆಗೇ ಸಿಗುವ ಹಾಫ್ನಿಯಂ ಸಿಕ್ಕಾಪಟ್ಟೆ ಹೀರುತ್ತದೆ. ಗುಣದಲ್ಲಿ ಎರಡೂ ಅವಳಿಗಳು, ಬೇರ್ಪಡಿಸೋದು ದೊಡ್ಡ ತಲೆನೋವು. ಕೈಗಾದ ಮೊದಲ ಘಟಕ 2018ರ ಕೊನೆಗೆ ಸತತ 962 ದಿನ ಓಡಿ ದಾಖಲೆ ಮಾಡಿದಾಗ ಈ ಕೊಳವೆಗಳನ್ನು ಯಾರೂ ಹೊಗಳಲಿಲ್ಲ ಅನ್ಸುತ್ತೆ.

ಯಕ್ಷಗಾನದ ಭಾಗವತರ ಕೈಯಲ್ಲಿರುವ ತಾಳದ ಬಗ್ಗೆಯೂ ಬರೆಯಬೇಕಿತ್ತು. ತಾಮ್ರಕ್ಕೆ ತವರ ಜಾಸ್ತಿ ಬಿದ್ದಷ್ಟೂ ಕಂಚು ಗಟ್ಟಿ, ನಾದವೂ ಚೆಂದ, ಆದರೆ ಬಿದ್ದರೆ ಒಡೆಯುವ ಭಯ. ಅದು ಇನ್ನೊಮ್ಮೆ, ಈಗ ಅಂಕೋಲಾ ಬಸ್ ಬಂತು.